ಗಾಳಿ ಪರೀಕ್ಷೆಯ ರಿಪೋರ್ಟ್ ಕೇಳಿದ್ರೆ ಕೆಲಸಕ್ಕೆ ಕುತ್ತು ಬರುತ್ತಾ? ಅನುಭವ ಇದ್ದವರು ಹೇಳಿ

ಬಾಗಲೂರು ಪ್ಲೇಟರ್:
ಹೊಸೂರಿನ ಒಂದು ಘಟಕದಲ್ಲಿ ಲೋಹಕ್ಕೆ ಕ್ರೋಮ್ ಲೇಪ ಕೊಡುವ ಹಾರ್ಡ್ ಕ್ರೋಮ್ ಲೈನ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯಿತು. ಬೆಳಗ್ಗೆ ಎದ್ದರೆ ಮೂಗಿನೊಳಗೆ ಹಕ್ಕಳೆ, ಕಿತ್ತರೆ ರಕ್ತ. ಪ್ರತಿ ವರ್ಷ ಗಾಳಿ ಪರೀಕ್ಷೆ ಮಾಡಿಸುತ್ತೇವೆ ಅಂತಾರೆ. ರಿಪೋರ್ಟ್ ಒಮ್ಮೆಯೂ ತೋರಿಸಿಲ್ಲ. ಕೇಳಿದವರಿಗೆ ಏನಾಯಿತು?

ಬೇರಿಕೆ ಕಲ್ಲುಕೆಲಸದವನು:
ನಾನು ಕೇಳಿದೆ, ಕೊಟ್ಟರು. ಏನೂ ಪ್ರಯೋಜನ ಆಗಲಿಲ್ಲ. ಗ್ರಾನೈಟ್ ಪಾಲಿಶ್‌ನಲ್ಲಿ ಹದಿನಾಲ್ಕು ವರ್ಷ ಇದ್ದವನು ನಾನು. ಟೆಸ್ಟಿಗೆ ಬಂದ ದಿನ ಗಾಳಿ ಹೀರುವ ಪಂಪ್ ಮಿಷನ್ನನ್ನು ಆಫೀಸ್ ಕಿಟಕಿ ಪಕ್ಕ ಸ್ಟೂಲ್ ಮೇಲೆ ಇಟ್ಟರು. ಒಣ ಗ್ರೈಂಡಿಂಗ್ ನಿಲ್ಲಿಸಿ ಅವತ್ತೊಂದು ದಿನ ನೀರು ಬಿಟ್ಟು ಕೆಲಸ ಮಾಡಿಸಿದರು. ದೂಳು ಕಡಿಮೆ ಅಂತ ಬಂತು. ಪಂಪನ್ನು ಕೆಲಸಗಾರನ ಸೊಂಟಕ್ಕೆ ಕಟ್ಟಿ, ಫಿಲ್ಟರನ್ನು ಕಾಲರ್‌ಗೆ ಸಿಕ್ಕಿಸಿ, ಪೂರ್ತಿ ಪಾಳಿ ಓಡಿಸಬೇಕು. ಇದು ನನಗೆ ಗೊತ್ತಾಗಿದ್ದು ಕಾಯಿಲೆ ಬಿದ್ದ ಮೇಲೆ.

ಕೆಮ್ಮು ಶುರುವಾದಾಗ ಟಿಬಿ ಅಂದರು. ಆರು ತಿಂಗಳು ಮಾತ್ರೆ ನುಂಗಿದೆ. ಆಮೇಲೆ ಸಿಲಿಕೋಸಿಸ್, ಅಂದ್ರೆ ಕಲ್ಲಿನ ಸಿಲಿಕಾ ದೂಳಿಂದ ಬರುವ ಶ್ವಾಸಕೋಶದ ಕಾಯಿಲೆ ಅಂತ ಗೊತ್ತಾಯಿತು. ಸಿಟಿ ಸ್ಕ್ಯಾನ್ 4,800. ಮೂರು ತಿಂಗಳಿಗೆ ಇನ್ನೊಂದು 4,800. ಆಕ್ಸಿಜನ್ ಮಿಷನ್ 42,000, ಅದೂ ಸೆಕೆಂಡ್ ಹ್ಯಾಂಡ್. ಹೆಂಡತಿ ಸರ 60,000ಕ್ಕೆ ಅಡ ಇಟ್ಟೆ, ಬಿಡಿಸಿಕೊಳ್ಳೋಕೆ ಆಗಲಿಲ್ಲ. ಈಗ ವರ್ಷವರ್ಷ ಕ್ಯಾನ್ಸರ್ ಏನಾದ್ರೂ ಇದೆಯಾ ಅಂತ ನೋಡಿಸಬೇಕು. ಸಿಲಿಕಾ ದೂಳಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲೇ ಹೇಳಿದೆ. ನಮ್ಮ ಮಾಲೀಕರಿಗೆ ಮಾತ್ರ ಕೇಳಿಸಲಿಲ್ಲ.

ಒಂಬತ್ತು ಜನರ ಘಟಕದವನು:
ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನನ್ನದೂ ಕ್ರೋಮ್ ಪ್ಲೇಟಿಂಗೇ. ಹಳೇ ಕಾರ್ಖಾನೆ ಕಾಯ್ದೆಯಲ್ಲಿ ಕರೆಂಟ್ ಬಳಸುವ ಘಟಕ ಕಾರ್ಖಾನೆ ಅನ್ನಿಸಿಕೊಳ್ಳೋಕೆ ಹತ್ತು ಜನ ಇರಬೇಕಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲಿ ಇಪ್ಪತ್ತು. ನನ್ನನ್ನು ಯಾರೂ ಕೇಳುವವರಿರಲಿಲ್ಲ. ಆದರೂ ನಾಲ್ವರಿಗೆ ಪಂಪ್ ಕಟ್ಟಿಸಿ ಎಂಟು ಗಂಟೆ ಟೆಸ್ಟ್ ಮಾಡಿಸಿದೆ. ಖರ್ಚು 26,500. ಕ್ರೋಮಿಕ್ ಆಸಿಡ್‌ಗೆ ಆ ಹಳೇ ಕಾಯ್ದೆ ಕೊಟ್ಟ ಮಿತಿ ಘನ ಮೀಟರಿಗೆ 0.05 ಮಿಲಿಗ್ರಾಂ. ನನಗೆ ಬಂದಿದ್ದು 0.11. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಟ್ಯಾಂಕಿನ ಆಸಿಡ್ ಆವಿ ಎಳೆಯುವ ಫ್ಯಾನ್ ಓಡುತ್ತಿತ್ತು, ಸದ್ದೂ ಜೋರಿತ್ತು. ಆದ್ರೆ ಡಕ್ಟ್‌ನ ಕೆಳಭಾಗ ಆಸಿಡ್ ತಿಂದು ಅಂಗೈ ಅಗಲ ತೂತಾಗಿತ್ತು. ಟ್ಯಾಂಕ್ ಅಂಚಿಗೆ ಊದುಬತ್ತಿ ಹಿಡಿದೆ, ಹೊಗೆ ಒಳಗೆ ಹೋಗಲೇ ಇಲ್ಲ. (ಕರೆಂಟ್ ಕೊಟ್ಟಾಗ ಟ್ಯಾಂಕ್‌ನಿಂದ ಹೈಡ್ರೋಜನ್ ಏಳುತ್ತೆ. ಲೈನ್ ಶುರುವಾಗುವ ಮುಂಚೆ, ಫ್ಯಾನ್ ಮಾತ್ರ ಹಾಕಿ ನೋಡಿ.) ಡಕ್ಟ್, ಆವಿ ತೊಳೆಯುವ ಸ್ಕ್ರಬ್ಬರ್ ಸೇರಿ 2,85,000 ಆಯಿತು. ಮತ್ತೆ ಟೆಸ್ಟ್ ಮಾಡಿಸಿದೆ, 0.02. ಆ ಕಾಗದ ಊಟದ ಕೋಣೆಯ ಗೋಡೆ ಮೇಲೆ ಅಂಟಿಸಿದ್ದೇನೆ.

ಬೇರಿಕೆ ಕಲ್ಲುಕೆಲಸದವನು:
0.05ರ ಒಳಗೆ ಬಂದರೆ ಕ್ಯಾನ್ಸರ್ ಬರಲ್ಲ ಅಂತ ನಿಮಗೆ ಹೇಳಿದವರು ಯಾರು?

ಒಂಬತ್ತು ಜನರ ಘಟಕದವನು:
ಬರಲ್ಲ ಅಂತ ನಾನೆಲ್ಲಿ ಹೇಳಿದೆ? ಮಾಡಿದವನನ್ನೇ ಬೈದರೆ ಇನ್ಯಾರು ಮಾಡ್ತಾರೆ ಸಾರ್?

ಡೆಂಕಣಿಕೋಟೆ ಅಕ್ಕ:
ಇಬ್ಬರೂ ಗಾಳಿ ಗಾಳಿ ಅಂತೀರಿ. ಮನುಷ್ಯನ ದಾಖಲೆ ಎಲ್ಲಿ? ನಮ್ಮ ಯಜಮಾನರು ಬ್ರೇಕ್ ಲೈನಿಂಗ್ ಕಾರ್ಖಾನೆಯಲ್ಲಿ ಆಸ್ಬೆಸ್ಟಾಸ್ ಮೂಟೆ ಬಿಚ್ಚುತ್ತಿದ್ದರು. ಕಾರ್ಖಾನೆ ಮುಚ್ಚಿತು. ಎಷ್ಟೋ ವರ್ಷದ ಮೇಲೆ ಶ್ವಾಸಕೋಶದ ಕ್ಯಾನ್ಸರ್. ಹತ್ತೊಂಬತ್ತು ಸಲ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಸ್ಬೆಸ್ಟಾಸ್‌ನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್ ಇಎಸ್‌ಐನವರ ‘ಕೆಲಸದಿಂದ ಬರುವ ಕಾಯಿಲೆ’ಗಳ ಪಟ್ಟಿಯಲ್ಲಿ ಇದೆ. ಆದ್ರೆ ಅಲ್ಲೇ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕಲ್ವಾ? ನನ್ನ ಹತ್ತಿರ ಇದ್ದಿದ್ದು ಮೂರು ಸಂಬಳದ ಚೀಟಿ. ಒಂದರ ಮೂಲೆ ಗೆದ್ದಲು ತಿಂದು ತಿಂಗಳೇ ಕಾಣುತ್ತಿರಲಿಲ್ಲ.

ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಮ್ಮವರ ಫೈಲು ಗುಜರಿಗೆ ಹೋಗಿತ್ತು. ಅವರು ಹೋಗಿ ನಾಲ್ಕು ವರ್ಷ ಆಯಿತು, ಕೇಸ್ ಇನ್ನೂ ನಡೀತಾ ಇದೆ.

ತಳಿ ಕಡೆಯವನು:
ನಮ್ಮಲ್ಲಿ ಎಲ್ಲ ಬೋರ್ಡೂ ತಮಿಳು, ಇಂಗ್ಲಿಷ್. ಡ್ರಮ್ ಮೇಲೆ ಏನಿದೆ ಅಂತ ಓದೋಕೇ ಆಗಲ್ಲ. ಹಳೇ ಕಾಯ್ದೆಯ 108ನೇ ಸೆಕ್ಷನ್ ತೋರಿಸಿದೆ. ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ನೋಟಿಸ್ ಇರಬೇಕು. ನಮ್ಮ ಶೆಡ್‌ನಲ್ಲಿ ಇಪ್ಪತ್ತೆರಡರಲ್ಲಿ ಹದಿನಾಲ್ಕು ಜನ ಕನ್ನಡದವರು. ಮೇಲಿನವರು ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಕನ್ನಡ ಬೋರ್ಡ್ ಬಂತು!

ಒಂಬತ್ತು ಜನರ ಘಟಕದವನು:
ತಮಿಳುನಾಡಲ್ಲಿ ಇದ್ದು ತಮಿಳು ಓದೋಕೆ ಕಲಿಯದಿದ್ದರೆ ಹೇಗೆ? ನನ್ನಲ್ಲಿ ಈಗ ಒಡಿಶಾದವರೇ ಜಾಸ್ತಿ. ಒಡಿಯಾದಲ್ಲಿ ಬೋರ್ಡ್ ಹಾಕಬೇಕಾ?

ತಳಿ ಕಡೆಯವನು:
ಹೌದು, ಹಾಕಬೇಕು. ಆಸಿಡ್ ಹತ್ತಿರ ನಿಲ್ಲುವವರು ಅವರೇ ತಾನೆ? ನಮ್ಮಜ್ಜನ ಕಾಲದಿಂದ ಇದೇ ಮಣ್ಣಲ್ಲಿ ಇದ್ದೀವಿ, ಭಾಷೆ ಪಾಠ ನಿಮ್ಮಿಂದ ಬೇಡ.

ಬೇರಿಕೆ ಕಲ್ಲುಕೆಲಸದವನು:
ಗೋಡೆ ಮೇಲೆ ಅಂಟಿಸಿದ್ದೀನಿ ಅಂದ್ರಲ್ಲ ಸಾರ್, ಅದು ಯಾವ ಭಾಷೆಯಲ್ಲಿದೆ?

ಒಂಬತ್ತು ಜನರ ಘಟಕದವನು:
ಇಂಗ್ಲಿಷ್. ಲ್ಯಾಬ್‌ನವರು ಹಾಗೇ ಕೊಡ್ತಾರೆ. ಕೆಳಗೆ ಒಡಿಯಾದಲ್ಲಿ ಬರೆಸ್ತೀನಿ, ಆಯ್ತಾ?

ಬಾಗಲೂರು ಪ್ಲೇಟರ್:
ಇವತ್ತು ಬೆಳಗ್ಗೆ ಲೈನ್ ಶುರುವಾಗುವ ಮುಂಚೆ ಊದುಬತ್ತಿ ಹಿಡಿದೆ. ಫ್ಯಾನ್ ಓಡುತ್ತಿತ್ತು. ಹೊಗೆ ನೆಟ್ಟಗೆ ನನ್ನ ಮುಖಕ್ಕೇ ಬಂತು. ಜೊತೆಯಲ್ಲಿದ್ದ ಹುಡುಗ ಮೊಬೈಲ್‌ನಲ್ಲಿ ತೆಗೆದಿದ್ದಾನೆ. ಅಕ್ಕಾ, ಹನ್ನೊಂದು ವರ್ಷದ ಚೀಟಿಯಲ್ಲಿ ನನ್ನ ಹತ್ತಿರ ಆರು ವರ್ಷದ್ದು ಇದೆ. ಉಳಿದದ್ದನ್ನು ಹೇಗೆ ಕೇಳಲಿ?