ರೇಸ್ ಇಂಜಿನ್ ಲೀಕೇಜ್: ಬೆಳಗಾವಿ ಬೈಕ್ ಬಳಗದಾಗ ಪ್ರಶ್ನೋತ್ತರ

ಗೋಕಾಕ: ನಮಸ್ಕಾರ್ರಿ ಸರ್. ಆರ್‌ಎಕ್ಸ್ 100 (ಯಮಹಾದ ಟೂ ಸ್ಟ್ರೋಕ್ ಬೈಕ್) ಪೋರ್ಟಿಂಗ್ ಮಾಡಿಸಿ, ಅಂದ್ರ ಸಿಲಿಂಡರ್ ಕಿಂಡಿ ಕೊರಸಿ, ಡರ್ಟ್ ರೇಸಿಗೆ ಕಟ್ಟೇವಿ. ಎರಡ ಸಲ ಪಿಸ್ಟನ್ ಸೀಜ್ ಆತು, ಸಿಲಿಂಡರಿನಾಗ ಹಿಡಕೊಂಡ ಬಿಟ್ತು. ಪ್ಲಗ್ ಬೆಳ್ಳಗ ಬರತೈತಿ. ಎಕ್ಸಿಲೇಟರ್ ಬಿಟ್ರೂ ರೇಸ್ ಲಗೂನ ಇಳಿಯಂಗಿಲ್ಲ. ಕಾರ್ಬೋರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಬಿಡೂ ತೂತಿನ ತಿರುಪು) ಹಾಕಿದ್ರೂ ಅದ ಹಣೇಬಾರ.

ಖಾನಾಪುರ: ಸರ್, ಹೆಡ್ (ಸಿಲಿಂಡರ್ ಮುಚ್ಚಳ) ಕೆಳಗಿನ ಗ್ಯಾಸ್ಕೆಟ್‌ಗೆ ಯಾವ ಸಿಲಿಕಾನ್ ಹಚ್ಚಬೇಕ್ರಿ?

ಉದ್ಯಮಬಾಗ ಇಂಜಿನ್ ಬಿಲ್ಡರ್: ಖಾನಾಪುರದವರ, ಯಾವುದೂ ಬ್ಯಾಡ್ರಿ.

ಗೋಕಾಕದವರ, ಮೊದಲ ಆ ಗಾಡಿ ಓಡಸೂದು ನಿಲ್ಲಸ್ರಿ. ಫುಲ್ ಥ್ರಾಟಲ್‌ದಾಗ ಸೀಜ್ ಆದ್ರ ಹಿಂದಿನ ಗಾಲಿ ಲಾಕ್ ಆಗಿ ಹುಡುಗನ್ನ ಒಗೀತೈತಿ. ನೀವು ಹೇಳಿದ ಮೂರೂ ಲಕ್ಷಣ ಗಾಳಿ ಲೀಕಿಂದು. ಟೂ ಸ್ಟ್ರೋಕ್‌ದಾಗ ಪೆಟ್ರೋಲ್-ಗಾಳಿ ಮೊದಲ ಕ್ರ್ಯಾಂಕ್ ಕೇಸಿಗೆ ಹೋಗತೈತಿ. ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ, ಕ್ಲಚ್ ಕಡೆ ಒಂದು, ಕರೆಂಟ್ ಹುಟ್ಟಸೂ ಮ್ಯಾಗ್ನೆಟ್ ಕಡೆ ಒಂದು, ರಬ್ಬರ್ ಸೀಲ್ ಇರತಾವು. ಆ ಸೀಲ್ ಸೋತ್ರ ಕಾರ್ಬೋರೇಟರ್ ದಾಟದ ಗಾಳಿ ಒಳಗ ಬರತೈತಿ, ಪೆಟ್ರೋಲ್ ಪಾಲು ಕಮ್ಮಿ ಬಿದ್ದು ಇಂಜಿನ್ ಕಾಯತೈತಿ, ಜೆಟ್ ಏನ್ ಮಾಡತೈತ್ರಿ? ಕ್ಲಚ್ ಕಡೆ ಸೀಲ್ ಹೋಗಿದ್ರ ಗೇರ್ ಆಯಿಲ್ ಎಳಕೊಂಡು ಬಿಳಿ ಹೊಗಿ ಬರಬೇಕಿತ್ತು. ನೀವು ಹೊಗಿ ಸುದ್ದಿ ಹೇಳಿಲ್ಲ. ನನ್ನ ಸಂಶೆ ಮ್ಯಾಗ್ನೆಟ್ ಕಡೆ.

ಟೆಸ್ಟ್ ಹಿಂಗ ಮಾಡ್ರಿ. ಸೈಲೆನ್ಸರ್, ಕಾರ್ಬೋರೇಟರ್ ತಗದು ಎರಡೂ ಬಾಯಿಗೆ ರಬ್ಬರ್ ಬೂಚ ಬಡೀರಿ. ಆಯಿಲ್ ಪಂಪಿನ ನಳಿಗೂ ಬೂಚ ಬೇಕು. ಮ್ಯಾಗ್ನೆಟ್, ಅದರ ಪ್ಲೇಟ್ ಬಿಚ್ಚಿ ಸೀಲ್ ಕಾಣೂಹಂಗ ಮಾಡ್ರಿ. ಪಿಸ್ಟನ್ ಪೂರಾ ಕೆಳಗ ಇರಲಿ. ಒಂದು ಬೂಚಿನಾಗ ನಳಿ ಕೂಡಿಸಿ, ಬಿಪಿ ನೋಡೂ ಮಶೀನಿನ ಗಡಿಯಾರ, ಬಲ್ಬು ಹಚ್ಚಿ 300ರ ತನಕ ಒತ್ರಿ. ಅಂದ್ರ ಸುಮಾರು 0.4 ಬಾರ್. ಕಂಪ್ರೆಸರ್ ಹಚ್ಚಬ್ಯಾಡ್ರಿ, ಸೀಲ್ ಹೊರಗ ಹಾರತೈತಿ. ಐದ ನಿಮಿಷ ಮುಳ್ಳು ನಿಲ್ಲಬೇಕು. ಇಳದ್ರ ಸಾಬೂನ ನೀರು ಹಚ್ಚಿ ನೋಡ್ರಿ: ಸೀಲ್, ಕೇಸ್ ಜಾಯಿಂಟ್, ಸಿಲಿಂಡರ್ ಬುಡ.

ಜಮಖಂಡಿ: ಫಾರ್ವರ್ಡ್ ಬಂದೈತಿ: "ಲೀಕ್ ಇದ್ದಲ್ಲಿ ಮ್ಯಾಲಿಂದ ಎಂ-ಸೀಲ್ ಹಚ್ಚಿ, ಬಿಚ್ಚೂದ ಬ್ಯಾಡ."

ಬಿಲ್ಡರ್: ಇಂಥಾವು ಇಲ್ಲಿ ಹಾಕಬ್ಯಾಡ್ರಿ. ತಿರುಗೂ ಶಾಫ್ಟಿಗೆ ಎಂ-ಸೀಲ್ ಹಚ್ಚಾಕ ಬರತೈತೇನ್ರಿ? ಕೇಸ್ ಜಾಯಿಂಟಿಗೂ ಪೆಟ್ರೋಲ್ ತಡಿಯೂ ಬಾಂಡ್ (ಅಂಟು) ಬೇಕು, ಅದೂ ತೆಳ್ಳಗ. ಮಾಮೂಲಿ ಸಿಲಿಕಾನ್ ಪೆಟ್ರೋಲಿಗೆ ಉಬ್ಬಿ ಕಿತ್ತು ಬರತೈತಿ. ಫೋರ್ ಸ್ಟ್ರೋಕ್‌ದಾಗ ಆ ಚೂರು ಆಯಿಲ್ ದಾರಿ ಕಟ್ಟಿದ್ರ ಇಂಜಿನ್ ಹೋತು.

ಬೈಲಹೊಂಗಲ: ತಾಮ್ರದ ಹೆಡ್ ಗ್ಯಾಸ್ಕೆಟ್ ಕೆಂಪಗ ಕಾಸಿ ನೀರಾಗ ಅದ್ದಬೇಕು, ಆವಾಗ ಮೆತ್ತಗಾಗತೈತಿ.

ಟಿಳಕವಾಡಿ: ನೀರಾಗ ಅದ್ದಿದ್ರ ಗಟ್ಟಿ ಆಗತೈತಿ. ಗೊತ್ತಿಲ್ಲಾಂದ್ರ ಹೇಳಬ್ಯಾಡ್ರಿ.

ಬೈಲಹೊಂಗಲ: ನಾ ಗ್ಯಾರೇಜ್ ನಡಸಾಂವ. ನೀವು ಎಷ್ಟು ಇಂಜಿನ್ ಬಿಚ್ಚೀರಿ?

ಟಿಳಕವಾಡಿ: ಲೇಥ್ ಮ್ಯಾಲೆ ಕೈ ಇಟ್ಟಾಂವ ನಾನೂ. ಮರ್ಯಾದಿಯಿಂದ ಮಾತಾಡ್ರಿ.

ಇಂಡಿ: ಸರ್, 20% ಎಥೆನಾಲ್ ಪೆಟ್ರೋಲಿಗೆ ಹಳೇ ಸೀಲ್ ಬಾಳಿಕಿ ಬರತಾವೇನ್ರಿ?

ಬಿಲ್ಡರ್: ಬೈಲಹೊಂಗಲ, ಟಿಳಕವಾಡಿ, ಇಬ್ಬರೂ ಸಾಕ ಮಾಡ್ರಿ. ಗಟ್ಟಿ ಆಗೂದು ಉಕ್ಕು. ತಾಮ್ರ ಕೆಂಪಗ ಕಾಸಿದ್ರ ಸಾಕು, ನೀರಾಗ ಅದ್ದಿದ್ರೂ ಗಾಳ್ಯಾಗ ಬಿಟ್ರೂ ಮೆತ್ತಗ ಆಗತೈತಿ. ಜಗಳಾಡೂಕಿಂತ ಹೆಡ್ ಸಪಾಟ ಐತೋ ಇಲ್ಲೋ ನೋಡ್ರಿ. ದಪ್ಪ ಗಾಜಿನ ಮ್ಯಾಲೆ ಪಾಲಿಶ್ ಪೇಪರ್ ಇಟ್ಟು ಹೆಡ್ ತಿಕ್ರಿ, ತೆಗ್ಗು ತಾನ ಕಾಣತೈತಿ. ಗ್ಯಾಸ್ಕೆಟ್ ದಪ್ಪ ಬದಲಾದ್ರ ಪಿಸ್ಟನ್-ಹೆಡ್ ನಡಕಿನ ಸಂದೂ ಬದಲಾಗತೈತಿ, ಮೆತ್ತನ ಸೋಲ್ಡರ್ ತಂತಿ ಇಟ್ಟು, ಅದು ಚಪ್ಪಟಿ ಆದ ದಪ್ಪ ಅಳೀರಿ.

ಖಾನಾಪುರ: ಸರ್, ಹೆಡ್‌ಗೆ ಸಿಲಿಕಾನ್ ಯಾವುದಂತ ಹೇಳಲಿಲ್ರಿ.

ಬಿಲ್ಡರ್: ಹೇಳೇನಿ. ಮ್ಯಾಲೆ ಓದ್ರಿ.

ಗೋಕಾಕ: ಸರ್, ಮ್ಯಾಗ್ನೆಟ್ ಕಡೆ ಗುಳ್ಳಿ ಬಂದ್ವು! ಆದ್ರ ಸೀಲ್ ಹೊಸಾದ ಐತ್ರಿ.

ಬಿಲ್ಡರ್: ಶಾಫ್ಟ್ ಮ್ಯಾಲೆ ಉಗುರು ಆಡಸ್ರಿ. ಹಳೇ ಸೀಲ್ ಕೊರದ ಗೆರಿಗೆ ಉಗುರು ಸಿಕ್ಕರ ಹೊಸ ಸೀಲಿನ ತುಟಿ (ಶಾಫ್ಟಿಗೆ ತಾಗೂ ರಬ್ಬರ್ ಅಂಚು) ಅಲ್ಲೇ ಕುಂತೈತಿ. ಹೌಸಿಂಗ್‌ದಾಗ ಜಾಗಾ ಇದ್ರ ತುಟಿ ಆ ಗೆರಿ ಬಿಟ್ಟು ಕೂಡೂಹಂಗ ಚೂರು ಸರಿಸಿ ಕೂಡಸ್ರಿ. ಗೆರಿ ಇಲ್ಲಾಂದ್ರ ಹಾಕೂ ಮುಂದ ಶಾಫ್ಟಿನ ಕೀ-ವೇ (ಕೀಲಿ ಕೂಡೂ ಗಾಡಿ) ಅಂಚಿಗೆ ತಾಗಿ ತುಟಿ ಹರದಿರತೈತಿ. ಮುಂದಿನ ಸಲ ಅದರ ಮ್ಯಾಲೆ ಟೇಪ್ ಸುತ್ತಿ, ತುಟಿಗೆ ಎಣ್ಣಿ ಹಚ್ಚಿ ಕೂಡಸ್ರಿ. ಶಾಫ್ಟ್ ಮ್ಯಾಲೆ-ಕೆಳಗ ಅಲುಗಿದ್ರ ಬೇರಿಂಗ್ ಹೋಗೇತಿ, ಸೀಲ್ ಎಷ್ಟ ಬದಲಿಸಿದ್ರೂ ನಿಲ್ಲಂಗಿಲ್ಲ. ಶಾಫ್ಟಿನ ಫೋಟೋ ಕಳಸ್ರಿ. ಮತ್ತ ಟೆಸ್ಟ್ ಮಾಡಿ ಮುಳ್ಳು ನಿಲ್ಲೂತನಕ ಕಿಕ್ ಹೊಡೀಬ್ಯಾಡ್ರಿ.

ಖಾನಾಪುರ: ಹಂಗಾರ ಬೇಸ್ ಗ್ಯಾಸ್ಕೆಟ್‌ಗೆ ಸಿಲಿಕಾನ್ ಹಚ್ಚಬಹುದ್ರಿ?