ಹೊಳೆ ಹೂಳಿನ ಸೆಲ್: 0.62 ವೋಲ್ಟ್ ಬರುತ್ತೆ, ಎಲ್‌ಇಡಿ ಮಾತ್ರ ಉರಿಯಲ್ಲ

ಪ್ರಶ್ನೆ:
ಹೂಳಿನ ಬ್ಯಾಕ್ಟೀರಿಯಾದಿಂದ ಕರೆಂಟ್ ತೆಗೆಯುವ ಸೆಲ್ ಮಾಡಿದ್ದೇನೆ. ಟಬ್ಬಿನಲ್ಲಿ 15 ಸೆಂ.ಮೀ. ಹೊಳೆಯ ಹೂಳು, ಅದರ ಮೇಲೆ 10 ಸೆಂ.ಮೀ. ಹೊಳೆ ನೀರು. 10×10 ಸೆಂ.ಮೀ. ಗ್ರಾಫೈಟ್ ಫೆಲ್ಟ್ (ಇಂಗಾಲದ ನಾರಿನ ಬಟ್ಟೆ) ಆನೋಡ್, ಅಂದರೆ ಋಣ ತುದಿ, ಹೂಳಿನೊಳಗೆ 6 ಸೆಂ.ಮೀ. ಆಳದಲ್ಲಿದೆ, ಅಷ್ಟೇ ಅಳತೆಯ ಕ್ಯಾಥೋಡ್, ಅಂದರೆ ಧನ ತುದಿ, ನೀರಿನ ಮೇಲ್ಭಾಗದಲ್ಲಿದೆ. ತಂತಿ ತಾಮ್ರದ್ದು, ಜೋಡಣೆಗೆ ಟೇಪ್ ಸುತ್ತಿದೆ. ಮೂರು ವಾರ ಆಯ್ತು. ಲೋಡ್ ಇಲ್ಲದೆ 0.62 ವೋಲ್ಟ್, 100 ಓಮ್ ಹಾಕಿದರೆ 0.04ಕ್ಕೆ ಕುಸಿಯುತ್ತೆ. ಅದೇ ಟಬ್ಬಿನಲ್ಲಿ ಮೂರು ಜೋಡಿ ಸರಣಿಯಲ್ಲಿ ಕೊಟ್ಟರೂ ವೋಲ್ಟೇಜ್ ಮೂರು ಪಟ್ಟಾಗಲ್ಲ. ತಪ್ಪೆಲ್ಲಿ?

ಉತ್ತರ 1:
ನಿಮ್ಮ ಅಂಕಿಯಲ್ಲೇ ಉತ್ತರವಿದೆ. 0.04 ವೋಲ್ಟ್, 100 ಓಮ್ ಅಂದರೆ 0.4 ಮಿಲಿಆಂಪ್. ಉಳಿದ 0.58 ವೋಲ್ಟ್ ಸೆಲ್ಲಿನೊಳಗೇ ಕಳೆದುಹೋಗ್ತಿದೆ, ಅಂದರೆ ಒಳರೋಧ ಸುಮಾರು 1450 ಓಮ್. ಅದಕ್ಕೆ ಹತ್ತಿರದ 1500 ಓಮ್ ಲೋಡ್ ಕೊಡಿ, 65 ಮೈಕ್ರೋವ್ಯಾಟ್ ಹತ್ತಿರ ಸಿಗುತ್ತೆ. ಸಿಹಿನೀರಿನ ಹೂಳಿಗೆ ಇದು ಕೆಟ್ಟ ಫಲಿತಾಂಶವೇನಲ್ಲ.

ನೀರಿನ ವಾಹಕತೆ 300 ಮೈಕ್ರೋಸೀಮೆನ್ಸ್/ಸೆಂ.ಮೀ. ಇದ್ದರೆ ಎಲೆಕ್ಟ್ರೋಡ್‌ಗಳ ನಡುವಿನ 15 ಸೆಂ.ಮೀ. ದೂರವೇ 500 ಓಮ್ ತಿನ್ನುತ್ತೆ. ಕ್ಯಾಥೋಡನ್ನು ಹೂಳಿಗಿಂತ 3–4 ಸೆಂ.ಮೀ. ಮಾತ್ರ ಮೇಲಿರುವಂತೆ ಕೆಳಗಿಳಿಸಿ, ಆದರೆ ಅಲ್ಲಿಗೆ ಆಮ್ಲಜನಕ ಮುಟ್ಟಬೇಕು. ಅದರ ವಿಸ್ತೀರ್ಣ ಆನೋಡಿನ ಎರಡು-ಮೂರು ಪಟ್ಟು ಇರಲಿ. ಸಿಹಿನೀರಿನಲ್ಲಿ ಹೆಚ್ಚಾಗಿ ಎಡವುವುದು ಕ್ಯಾಥೋಡೇ.

ಉತ್ತರ 2:
ಮೊದಲು ಆ ತಾಮ್ರ ತೆಗೀರಿ. ಟೇಪಿನ ಸಂದಿಯಿಂದ ನೀರು ನುಗ್ಗಿ ತಾಮ್ರ ಕೊರೆಯುತ್ತೆ, ಆ ಕೊರೆತದಿಂದ ಹುಟ್ಟುವ ಕರೆಂಟನ್ನೇ ಬ್ಯಾಕ್ಟೀರಿಯಾದ್ದು ಅಂದುಕೊಳ್ತೀರಿ. ಕರಗಿದ ತಾಮ್ರ ಅವಕ್ಕೆ ವಿಷ ಕೂಡ. ಹೂಳಿನಿಂದ ನೀರಿನ ಮೇಲಿನವರೆಗೆ ಟೈಟೇನಿಯಂ ತಂತಿ ತಂದು, ತಾಮ್ರಕ್ಕೆ ಒಣ ಜಾಗದಲ್ಲಿ ಜೋಡಿಸಿ. ಹೊಸ ಫೆಲ್ಟ್ ನೀರನ್ನು ತಳ್ಳುತ್ತೆ. ಅರ್ಧ ಗಂಟೆ ಕುದಿಸಿ, ನೀರೊಳಗೇ ಹಿಂಡಿ ಗುಳ್ಳೆ ಬಿಡಿಸಿ ಹೂಳಿ; ಒಳಗೆ ಗಾಳಿ ಉಳಿದರೆ ಆನೋಡ್ ಸುಧಾರಿಸಲು ದಿನಗಟ್ಟಲೆ ಬೇಕು.

ಒಂದೇ ನೀರಿನಲ್ಲಿ ಸರಣಿ ಕೆಲಸ ಮಾಡಲ್ಲ: ನೀರೇ ಎಲ್ಲ ಸೆಲ್‌ಗಳನ್ನೂ ಒಳಗಿಂದ ಬೆಸೆದುಬಿಡುತ್ತೆ. ಬೇರೆ ಬೇರೆ ಟಬ್ ಇಟ್ಟರೂ ದುರ್ಬಲ ಸೆಲ್ ತಿರುಗಿ ಋಣ ವೋಲ್ಟೇಜಿಗೆ ಹೋಗಬಹುದು. ಸಮಾಂತರ ಜೋಡಿಸಿ, ವೋಲ್ಟೇಜನ್ನು ಬೂಸ್ಟ್ ಕನ್ವರ್ಟರಿನಿಂದ (ಕಡಿಮೆ ವೋಲ್ಟೇಜನ್ನು ಹೆಚ್ಚಿಸುವ ಸರ್ಕ್ಯೂಟ್) ಏರಿಸಿ.

ಪ್ರಶ್ನೆ ಕೇಳಿದವರು:
ಬೂಸ್ಟ್ ಕನ್ವರ್ಟರಿಗೆ ಎಲ್‌ಟಿಸಿ3108 ಚಿಪ್ ಸಾಕಾ? 20 ಮಿಲಿವೋಲ್ಟ್‌ಗೇ ಶುರುವಾಗುತ್ತೆ.

ಉತ್ತರ 1:
ಬೇಡ. ಅದರ ಇನ್‌ಪುಟ್ ರೋಧ ಕೆಲವೇ ಓಮ್, ನಿಮ್ಮ ಸೆಲ್ ಅದರ ಮುಂದೆ ಮಲಗಿಬಿಡುತ್ತೆ. ಬಿಕ್ಯೂ25504 ಅನ್ನೋ ಚಿಪ್ ಹಾಕಿ. ಕೆಪಾಸಿಟರ್ ಖಾಲಿ ಇದ್ದಾಗ ಶುರುವಾಗಲು ಅದಕ್ಕೆ 600 ಮಿಲಿವೋಲ್ಟ್ ಬೇಕು, ಲೋಡ್ ಬಿದ್ದ ನಿಮ್ಮ ಸೆಲ್ ಅಷ್ಟು ಕೊಡಲ್ಲ; ಓಡತೊಡಗಿದ ಮೇಲೆ 130 ಸಾಕು. ಹಾಗಾಗಿ ಔಟ್‌ಪುಟ್ ಕೆಪಾಸಿಟರನ್ನು ಮೊದಲ ಸಲ ಬ್ಯಾಟರಿಯಿಂದ ತುಂಬಿಕೊಡಿ.

0.1 ಫ್ಯಾರಡ್ ಸೂಪರ್‌ಕೆಪಾಸಿಟರ್ (ಹೆಚ್ಚು ಚಾರ್ಜ್ ಹಿಡಿಯುವ ಕೆಪಾಸಿಟರ್) 3ರಿಂದ 2 ವೋಲ್ಟಿಗೆ ಇಳಿಯುವಾಗ ಕೆಂಪು ಎಲ್‌ಇಡಿ 2 ಮಿಲಿಆಂಪ್‌ನಲ್ಲಿ 50 ಸೆಕೆಂಡ್ ಉರಿಯುತ್ತೆ. ಅರ್ಧ ಶಕ್ತಿ ಪರಿವರ್ತನೆಯಲ್ಲಿ ಹೋದರೂ ಎರಡು ಗಂಟೆ ಚಿಲ್ಲರೆಯಲ್ಲಿ ಮತ್ತೆ ತುಂಬುತ್ತೆ. ಒಂದೇ ಎಚ್ಚರ: ಚಾರ್ಜಿಂಗ್ ಕರೆಂಟೇ 10 ಮೈಕ್ರೋಆಂಪ್ ಆಸುಪಾಸು, ಆದ್ದರಿಂದ ಸೋರಿಕೆ 1–2 ಮೈಕ್ರೋಆಂಪ್ ದಾಟದ ಕೆಪಾಸಿಟರ್ ಆರಿಸಿ.