ರಕ್ತದ ಬೈರಾಸಿಗೆ (ಟವೆಲಿಗೆ) ಪ್ಲಾಸ್ಟಿಕ್ ತೊಟ್ಟೆ ಕೊಟ್ರೆ ಬೇಡ ಅಂದ್ರು, ಚಂಡಿ (ಒದ್ದೆ) ಜರ್ಕಿನನ್ನು ತೊಟ್ಟೆಯಲ್ಲೇ ಹಾಕಿದ್ರು, ಎಂತ ಲೆಕ್ಕ ಇದು?

ಗೋಳಿಬಜೆ_ಕಾಪು:

ಎಲ್ಲರಿಗೂ ನಮಸ್ಕಾರ. ಪೊಲೀಸ್, ಕೋರ್ಟ್ ವಿಷಯ ಗೊತ್ತಿದ್ದವರು ಸ್ವಲ್ಪ ಹೇಳಿ ಮಾರಾಯ್ರೆ. ಕಳೆದ ವಾರ ನಮ್ಮ ಪಕ್ಕದ ಮನೆಗೆ ರಾತ್ರಿ ಕಳ್ಳ ನುಗ್ಗಿದ. ಮನೆಯವರು ಮುಂಬೈಗೆ ಮಗಳ ಹತ್ರ ಹೋದದ್ದು, ಕೀ ನಮ್ಮಲ್ಲಿತ್ತು. ಹಿಂದಿನ ಕಿಟಕಿ ಗ್ಲಾಸ್ ಒಡೆದು ಕೈ ಹಾಕುವಾಗ ಪುಣ್ಯಾತ್ಮ ಕೈ ಕೊಯ್ಸಿಕೊಂಡಿದ್ದಾನೆ, ಅಡಿಗೆಕೋಣೆಯಲ್ಲಿದ್ದ ಬೈರಾಸಲ್ಲಿ ರಕ್ತ ಒರೆಸಿ ಅಲ್ಲೇ ಸಿಂಕಿನ ಬುಡದಲ್ಲಿ ಬಿಸಾಡಿ ಹೋಗಿದ್ದಾನೆ. ಬೆಳಿಗ್ಗೆ ನೋಡಿದ್ದು ನಮ್ಮ ಅಮ್ಮ, ಅವರು ಬಾಲ್ದಿ ಮತ್ತೆ ನೆಲ ಒರೆಸುವ ಬಟ್ಟೆ ಹಿಡ್ಕೊಂಡು ಹೊರಟೇ ಬಿಟ್ಟಿದ್ರು, "ಪಾಪ ಅವರು ಬರುವಾಗ ಮನೆ ಹೀಗೆ ಇದ್ರೆ ಹೇಗೆ" ಅಂತ. ನಾನು ತಡೆದೆ ಆದ್ರೆ ಅಷ್ಟ್ರಲ್ಲಿ ಎರಡು ಸಲ ಒಳಗೆ ಹೊರಗೆ ನಡೆದಾಗಿತ್ತು.

ಪೊಲೀಸರ ಜೊತೆ ಸೋಕೋ (ಅಪರಾಧ ನಡೆದ ಜಾಗದಲ್ಲಿ ಸಾಕ್ಷ್ಯ ಸಂಗ್ರಹಿಸುವ ಅಧಿಕಾರಿ) ಅಂತ ಒಬ್ಬರು ಬಂದ್ರು, ಸಣ್ಣ ಪ್ರಾಯದ ಹುಡುಗಿ, ಭಾರೀ ಚುರುಕು. ನನ್ನನ್ನು ಮತ್ತೆ ಎದುರುಮನೆ ಅಣ್ಣನನ್ನು ಪಂಚರು, ಅಂದ್ರೆ ಜಪ್ತಿಗೆ ಸಾಕ್ಷಿಗಳು ಅಂತ ನಿಲ್ಲಿಸಿದ್ರು. ಹೊರಗೆ ಆಟಿ ಮಳೆ ಧೋ ಅಂತ ಹೊಯ್ತಾ ಉಂಟು, ಬೈರಾಸಿಗೆ ನಾನು ಒಂದು ಒಳ್ಳೆ ದಪ್ಪದ ತೊಟ್ಟೆ ತಂದು ಕೊಟ್ಟೆ. ಬೇಡವೇ ಬೇಡ ಅಂದ್ರು. ಖಾಕಿ ಪೇಪರ್ ಕವರಲ್ಲಿ ಹಾಕಿದ್ರು. ಸರಿ ಅಂತ ಇದ್ದೆ, ಹತ್ತು ನಿಮಿಷ ಬಿಟ್ಟು ಬಾವಿಕಟ್ಟೆ ಹತ್ರ ಅವನದ್ದೇ ಇರಬೇಕು ಒಂದು ಜರ್ಕಿನ್ ಸಿಕ್ತು, ನೀರು ಸೋರ್ತಾ ಇತ್ತು, ಅದನ್ನು ಮಾತ್ರ ಪ್ಲಾಸ್ಟಿಕಲ್ಲಿ ಹಾಕಿದ್ರು! ಕೇಳುವ ಅಂದ್ರೆ ಅವರು ಕೆಲಸದಲ್ಲಿ ಇದ್ರು, ನಂಗೂ ಧೈರ್ಯ ಆಗ್ಲಿಲ್ಲ.

ಇನ್ನೊಂದು, ಎಷ್ಟು ಚೀಟಿಗೆ ಸೈನ್ ಹಾಕಿದ್ದೇನೆ ಅಂತ ಲೆಕ್ಕ ಇಲ್ಲ. ನಾಳೆ ಕೋರ್ಟಲ್ಲಿ ನನ್ನನ್ನು ಕೂಗಿದ್ರೆ ಎಂತ ಹೇಳುದು? ಅಮ್ಮ ನಡೆದಾಡಿದ್ದು ತೊಂದರೆಯಾ?

ಹಳೇ_ರೈಟರ್:

ಇಲಾಖೆಯಲ್ಲಿ ಇದ್ದು ರಿಟೈರ್ ಆದವ ನಾನು, ಎಂಟು ವರ್ಷ ಠಾಣೆಯ ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ರೂಮಿನ ಕೀ ನನ್ನ ಸೊಂಟದಲ್ಲೇ ಇತ್ತು. ಆ ಹುಡುಗಿ ಮಾಡಿದ್ದು ಎರಡೂ ಸರಿ.

ನಿಮ್ಮ ಶಂಕರಪುರದವರು ಮಲ್ಲಿಗೆ ಚೆಂಡನ್ನು ಬಾಳೆಲೆಯಲ್ಲಿ ಯಾಕೆ ಸುತ್ತುದು? ಪಸೆ ಒಳಗೇ ಇರ್ಲಿ, ಬಾಡದೆ ಇರ್ಲಿ ಅಂತ. ರಕ್ತದ ಬಟ್ಟೆಗೆ ಬೇಕಾದ್ದು ಪೂರಾ ಉಲ್ಟಾ, ಪಸೆ ಹೊರಗೆ ಹೋಗ್ಬೇಕು. ಪೇಪರ್ ಉಸಿರಾಡ್ತದೆ, ತೊಟ್ಟೆ ಉಸಿರಾಡುದಿಲ್ಲ. ನಮ್ಮ ಕರಾವಳಿಯ ಸೆಕೆಗೆ ತೊಟ್ಟೆಯೊಳಗೆ ಎರಡು ದಿವಸ ಚಂಡಿ ಬಟ್ಟೆ ಇಟ್ಟು ನೋಡಿ, ಮಳೆಗಾಲದಲ್ಲಿ ಬ್ಯಾಗಲ್ಲಿ ಮರೆತ ಮಕ್ಕಳ ಯೂನಿಫಾರ್ಮ್ ನೆನಪಾಗ್ತದೆ. ಆ ವಾಸನೆಯೇ ಬ್ಯಾಕ್ಟೀರಿಯಾ, ಅದು ರಕ್ತದ ಡಿಎನ್‌ಎಯನ್ನು ತಿಂದು ಚೂರು ಮಾಡ್ತದೆ.

ನಾನು ಸರ್ವಿಸಿಗೆ ಸೇರಿದ ಹೊಸತರಲ್ಲಿ ಒಂದು ಕೇಸಲ್ಲಿ ಲುಂಗಿ ಒಂದನ್ನು ಹೀಗೇ ತೊಟ್ಟೆಗೆ ತುರುಕಿ, ಮೇಲೆ ಬಿಳಿ ಬಟ್ಟೆ ಹೊಲಿದು, ಅರಗಿನ ಸೀಲು ಎಲ್ಲ ನೀಟಾಗಿ ಹೊಡೆದು ಇಟ್ಟಿದ್ರು. ಆಗ ಎಲ್ಲ ಬೆಂಗಳೂರು ಮಡಿವಾಳದ ಲ್ಯಾಬಿಗೇ ಹೋಗ್ಬೇಕು, ತಿಂಗಳು ಆಯ್ತು ಕಳಿಸುವಾಗ. ಲುಂಗಿ ಪೂರಾ ಬೂಸ್ಟು, ಕಪ್ಪು ಹಸಿರು ಚುಕ್ಕೆ, ರಕ್ತದ ಕಲೆ ಎಲ್ಲಿ ಬೂಸ್ಟು ಎಲ್ಲಿ ಅಂತ ಗೊತ್ತಾಗ್ಲಿಕ್ಕಿಲ್ಲ. ರಿಪೋರ್ಟು ಬಂದದ್ದು ರಕ್ತದ ಗುಂಪು ನಿರ್ಣಯಿಸಲು ಸಾಧ್ಯವಾಗಿಲ್ಲ ಅಂತ. ಸೀಲು ಮಾತ್ರ ಭದ್ರವಾಗಿ ಇತ್ತು, ಅದೊಂದು ಸಮಾಧಾನ!

ಈಗ ಜರ್ಕಿನ್ ವಿಷಯ. ನೀರು ಸೋರುವ ವಸ್ತುವನ್ನು ಪೇಪರಲ್ಲಿ ಹಾಕಿದ್ರೆ ಗೇಟಿಗೆ ಮುಟ್ಟುವ ಮೊದ್ಲೇ ಪೇಪರಿನ ಬುಡ ಹರಿದು ಕೆಳಗೆ ಬೀಳ್ತದೆ, ಜೀಪಿನ ಸೀಟಿಗೆ ಹತ್ತಿದ್ದೆಲ್ಲ ಅದಕ್ಕೂ ಹತ್ತುತದೆ. ಅದಕ್ಕೆ ಠಾಣೆಗೆ ಮುಟ್ಟುವವರೆಗೆ ಮಾತ್ರ ಪ್ಲಾಸ್ಟಿಕ್, ಒಂದೆರಡು ಗಂಟೆಯೊಳಗೆ ಹೊರಗೆ ತೆಗೆದು ಒಣಗ್ಲಿಕ್ಕೆ ಹಾಕ್ಬೇಕು. ಒಣಗಿಸುದು ಅಂದ್ರೆ ಬಿಸಿಲಿಗೆ ಅಲ್ಲ, ಬಿಸಿಲಲ್ಲೂ ಡಿಎನ್‌ಎ ಹಾಳಾಗ್ತದೆ, ಹೇರ್ ಡ್ರೈಯರ್ ಇಸ್ತ್ರಿ ಪೆಟ್ಟಿಗೆ ಅಂತೂ ಬೇಡವೇ ಬೇಡ. ನೆರಳಲ್ಲಿ, ಗಾಳಿ ಆಡುವ ರೂಮಲ್ಲಿ, ಕೆಳಗೆ ಶುದ್ಧ ಪೇಪರ್ ಹಾಸಿ. ಆ ಹಾಸಿದ ಪೇಪರನ್ನೂ ಬಿಸಾಡುವ ಹಾಗಿಲ್ಲ, ಅದರ ಮೇಲೆ ಕೂದಲೋ ಮಣ್ಣೋ ಉದುರಿದ್ರೆ ಅದೂ ಸಾಕ್ಷ್ಯ, ಅದನ್ನೂ ಮಡಚಿ ಒಟ್ಟಿಗೆ ಕಳಿಸುದು. ಒಂದೇ ರೂಮಲ್ಲಿ ಕಳ್ಳನ ಜರ್ಕಿನೂ ಮನೆಯವರ ಬೈರಾಸೂ ಪಕ್ಕಪಕ್ಕ ನೇತು ಹಾಕಿದ್ರೆ ಮುಗೀತು, ಒಂದರದ್ದು ಇನ್ನೊಂದಕ್ಕೆ ಹತ್ತಿತು ಅಂತ ವಕೀಲರಿಗೆ ಹಬ್ಬ.

ಸೆಪ್ಟೆಂಬರ್ ಮುಗಿಯುವವರೆಗೆ ನಮ್ಮಲ್ಲಿ ಯಾವ ಬಟ್ಟೆ ಸರಿಯಾಗಿ ಒಣಗಿದೆ ಹೇಳಿ? ಕರೆಂಟೂ ಇರುದಿಲ್ಲ. ಜೂನಿಂದ ಠಾಣೆಯವರ ದೊಡ್ಡ ತಲೆನೋವೇ ಇದು, ಹೊರಗಿನವರಿಗೆ ಗೊತ್ತಾಗುದಿಲ್ಲ.

ಪಡುಬಿದ್ರಿ_ಪೋರ:

ಅಣ್ಣಾ ಇಷ್ಟೆಲ್ಲ ಯಾಕೆ, ಪ್ಲಾಸ್ಟಿಕಲ್ಲಿ ಹಾಕಿ ಫ್ರಿಜ್ಜಲ್ಲಿ ಇಟ್ರೆ ಆಯ್ತಲ್ಲ, ಮೀನೇ ಹಾಳಾಗುದಿಲ್ಲ ಮತ್ತೆ ಬೈರಾಸು ಎಂತ 😄 ಸೀರಿಯಲಲ್ಲಿ ಎಲ್ಲ ಜಿಪ್ ಇರುವ ಪ್ಲಾಸ್ಟಿಕ್ ಕವರೇ ತೋರಿಸುದು, ಅವರೆಲ್ಲ ದಡ್ಡರಾ?

ಲ್ಯಾಬ್‌ಕೋಟು:

ಸೀರಿಯಲವರಿಗೆ ಒಳಗೆ ಎಂತ ಉಂಟು ಅಂತ ಕ್ಯಾಮೆರಾಕ್ಕೆ ಕಾಣ್ಬೇಕಲ್ಲ, ಅದಕ್ಕೆ ಪಾರದರ್ಶಕ ಕವರು 🙂 ಜಿಪ್ ಕವರ್ ಪೂರಾ ಬೇಡ ಅಂತಲ್ಲ, ಒಣ ವಸ್ತುಗಳಿಗೆ ನಡೀತದೆ. ಚಂಡಿ ರಕ್ತ, ಎಂಜಲು, ಬೆವರು, ಇದಕ್ಕೆ ಬೇಡ.

ಫ್ರಿಜ್ ಬೇಕಾಗುದು ದ್ರವ ರಕ್ತಕ್ಕೆ, ಆಸ್ಪತ್ರೆಯಲ್ಲಿ ತೆಗೆದು ಹೆಪ್ಪುಗಟ್ಟದ ಹಾಗೆ ಇಡಿಟಿಎ ಟ್ಯೂಬಿಗೆ ಹಾಕ್ತಾರಲ್ಲ ಅದಕ್ಕೆ, 4 ಡಿಗ್ರಿ ಹತ್ರ. ಸರಿಯಾಗಿ ಒಣಗಿದ ಕಲೆ ಪೇಪರ್ ಕವರಲ್ಲಿ, ತಂಪಾದ ಒಣ ಜಾಗದಲ್ಲಿ ವರ್ಷಗಟ್ಟಲೆ ಇರ್ತದೆ. ಚಂಡಿ ಬಟ್ಟೆಯನ್ನು ಪ್ಲಾಸ್ಟಿಕ್ ಸಮೇತ ಫ್ರಿಜ್ಜಿಗೆ ಹಾಕಿದ್ರೆ ಹಾಳಾಗುದು ನಿಧಾನ ಆಗ್ತದೆ ಅಷ್ಟೆ, ನಿಲ್ಲುದಿಲ್ಲ, ಮತ್ತೆ ಕರೆಂಟ್ ಹೋಯ್ತಾ, ಅಲ್ಲಿಗೆ ನಿಮ್ಮ ಮೀನಿನ ಕಥೆಯೇ.

ಬೈರಾಸನ್ನು ಮಡಚುವಾಗ ನೋಡಿದ್ರಾ ನೀವು? ಕಲೆ ಇರುವ ಭಾಗ ಇನ್ನೊಂದು ಭಾಗಕ್ಕೆ ತಾಗದ ಹಾಗೆ ಮಧ್ಯೆ ಒಂದು ಬಿಳಿ ಹಾಳೆ ಇಡ್ತಾರೆ. ಇಲ್ಲದಿದ್ರೆ ಒಂದು ಕಲೆ ನಾಲ್ಕಾಗ್ತದೆ, ಆಮೇಲೆ ಒರೆಸಿದ್ದಾ ಚಿಮ್ಮಿದ್ದಾ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಕೊಡಹುದಂತೂ ಸುತರಾಂ ಇಲ್ಲ, ನಮಗೆ ಬಟ್ಟೆ ಕೈಗೆ ಸಿಕ್ಕಿದ ಕೂಡ್ಲೇ ಕೊಡಹುವ ಅಭ್ಯಾಸ ಅಲ್ವಾ.

ಎಲ್ಲದಕ್ಕೂ ಪೇಪರೇ ಅಂತ ತಿಳ್ಕೊಳ್ಬೇಡಿ ಮತ್ತೆ. ಬೆಂಕಿ ಹಚ್ಚಿದ ಕೇಸಲ್ಲಿ ಸುಟ್ಟ ಬಟ್ಟೆ, ಮಣ್ಣು ತೆಗೆದ್ರೆ ಅದನ್ನು ಪೇಪರಲ್ಲಿ ಹಾಕುವ ಹಾಗೇ ಇಲ್ಲ, ಪೆಟ್ರೋಲ್ ಸೀಮೆಎಣ್ಣೆಯ ಆವಿ ಲ್ಯಾಬಿಗೆ ಮುಟ್ಟುವಾಗ ಹಾರಿ ಹೋಗಿರ್ತದೆ. ಮಾಮೂಲಿ ತೊಟ್ಟೆಯಿಂದಲೂ ಆವಿ ಮೆಲ್ಲ ಹೊರಗೆ ಹೋಗ್ತದೆ. ಅದಕ್ಕೆ ಹೊಸ ಪೇಂಟ್ ಡಬ್ಬ ಥರದ ಗಾಳಿ ಆಡದ ತಗಡಿನ ಡಬ್ಬ, ಇಲ್ಲದಿದ್ರೆ ಬಿಗಿ ಮುಚ್ಚಳದ ಗಾಜಿನ ಜಾರ್, ಅದನ್ನೂ ಕಂಠಪೂರ್ತಿ ತುಂಬಿಸುದಲ್ಲ, ಮೇಲೆ ಸ್ವಲ್ಪ ಖಾಲಿ ಜಾಗ ಬಿಡ್ಬೇಕು, ಆ ಖಾಲಿ ಜಾಗದಲ್ಲಿ ನಿಂತ ಆವಿಯನ್ನೇ ಲ್ಯಾಬಲ್ಲಿ ಪರೀಕ್ಷೆ ಮಾಡುದು. ಅಂದ್ರೆ ಬೈರಾಸಿಗೆ ಯಾವುದು ವಿಷವೋ ಇಲ್ಲಿ ಅದೇ ಮದ್ದು.

ಕೂದಲು, ಪುಡಿ, ಗಾಜಿನ ಸಣ್ಣ ಚೂರಿಗೆ ಮತ್ತೊಂದು. ನೇರ ಲಕೋಟೆಗೆ ಹಾಕಿದ್ರೆ ಮೂಲೆಯ ಸಂದಿಯಿಂದ ಸೋರಿ ಹೋಗ್ತದೆ. ದೇವಸ್ಥಾನದಲ್ಲಿ ಭಟ್ರು ಕುಂಕುಮ, ಗಂಧ ಕಟ್ಟಿ ಕೊಡ್ತಾರಲ್ಲ, ಒಂದು ಬದಿಯನ್ನು ಇನ್ನೊಂದರ ಒಳಗೆ ಸಿಕ್ಕಿಸಿ, ಅದೇ ಪೊಟ್ಟಣ. ಮೊದ್ಲು ಪೊಟ್ಟಣ, ಆಮೇಲೆ ಲಕೋಟೆ. ಫೋರೆನ್ಸಿಕ್ ಕ್ಲಾಸಲ್ಲಿ ಇದನ್ನು ಕಲಿಸುವಾಗ ನಾನು ಮೊದಲ ಸಲಕ್ಕೇ ಸರಿ ಮಡಚಿದೆ, ಸರ್ ಕೇಳಿದ್ರು ಎಲ್ಲಿ ಕಲಿತದ್ದು ಅಂತ, ನಮ್ಮ ಅಜ್ಜ ಅರ್ಚಕರು ಅಂತ ಹೇಳಿದೆ.

ಒಡೆದ ಕಿಟಕಿ ಗ್ಲಾಸನ್ನು ಅಂಚಿನಲ್ಲಿ ಹಿಡಿದು ತೆಗೆದಿರ್ಬೇಕು ಅವರು, ಯಾಕಂದ್ರೆ ಬೆರಳಚ್ಚು ಇರುದು ಚಪ್ಪಟೆ ಭಾಗದಲ್ಲಿ. ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದ ಹಾಗೆ ಕಟ್ಟಿ ಇಡ್ತಾರೆ, ಪೇಪರ್ ಸುತ್ತಿ ತುರುಕಿದ್ರೆ ತಿಕ್ಕಿ ತಿಕ್ಕಿ ಅಚ್ಚೇ ಅಳಿಸಿ ಹೋಗ್ತದೆ.

ಗೋಳಿಬಜೆ_ಕಾಪು:

ಹೌದು ಹೌದು ಮಧ್ಯೆ ಬಿಳಿ ಹಾಳೆ ಇಟ್ರು! ನಾನು ಕಲೆ ಕಾಣ್ಬಾರ್ದು ಅಂತ ಇಟ್ಟದ್ದು ಅಂತ ಎಣಿಸಿದ್ದೆ. ಗ್ಲಾಸಿಗೆ ನಮ್ಮದೇ ಮನೆಯ ಚಪ್ಪಲಿ ಬಾಕ್ಸ್ ಕೇಳಿದ್ರು, ಕೊಡ್ಲಿಕ್ಕೆ ಹೋದೆ, ಹಳೆ ಬಾಕ್ಸ್ ಬೇಡ ಅಂತ ಇನ್ಸ್‌ಪೆಕ್ಟರ್ ಜೀಪಿಂದ ಹೊಸತು ತರಿಸಿದ್ರು. ಮತ್ತೆ ಹಿತ್ತಲಲ್ಲಿ ಕೆಂಪು ಮಣ್ಣಲ್ಲಿ ಒಂದು ಹೆಜ್ಜೆ ಇತ್ತು, ಮಳೆ ಬಂದು ಹೋಗ್ತದೆ ಅಂತ ಎದುರುಮನೆ ಅಣ್ಣ ಬೆಳಿಗ್ಗೆಯೇ ಅದಕ್ಕೆ ಬಾಲ್ದಿ ಕವಚಿ ಹಾಕಿದ್ದ, ಅದಕ್ಕೆ ಮಾತ್ರ ಮೇಡಂ ಭಾರೀ ಖುಷಿ. ಬಿಳಿ ಪುಡಿ ಕಲಸಿ ಹೊಯ್ದು ಅಚ್ಚು ತೆಗೆದ್ರು, ಅದರ ಅಡಿಗೆ ಹಿಡಿದ ಮಣ್ಣನ್ನು ತೊಳಿಯದೇ ಹಾಗೇ ಕಟ್ಟಿದ್ರು.

ಕೋರ್ಟ್ ವಿಷಯ ಯಾರೂ ಹೇಳ್ಲಿಲ್ಲ. ನಂಗೆ ನಿದ್ದೆ ಬರುದಿಲ್ಲ ಮಾರಾಯ್ರೆ.

ಕರಿಕೋಟು_ಉಡುಪಿ:

ನಿದ್ದೆ ಮಾಡಿ, ನೀವು ಆರೋಪಿ ಅಲ್ಲ 🙂 ಕ್ರಿಮಿನಲ್ ಸೈಡಲ್ಲಿ ಪ್ರಾಕ್ಟೀಸ್ ಮಾಡುವವ ನಾನು, ಹೆಚ್ಚಾಗಿ ಆರೋಪಿ ಪರ, ಹಾಗಾಗಿ ನಾವು ನಿಮ್ಮನ್ನು ಎಲ್ಲಿ ಹಿಡಿತೇವೆ ಅಂತ ನಾನೇ ಹೇಳ್ತೇನೆ.

ಮೊದ್ಲು, ಕಳ್ಳತನಕ್ಕೆ ಸೋಕೋ ಯಾಕೆ ಬಂದ್ರು ಅಂತ ಕೆಲವರಿಗೆ ಆಶ್ಚರ್ಯ ಇರ್ಬಹುದು. 2024 ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್ 176(3)ರ ಪ್ರಕಾರ 7 ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆ ಇರುವ ಅಪರಾಧ ಆದ್ರೆ ಫೋರೆನ್ಸಿಕ್‌ನವರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸ್ಬೇಕು, ವೀಡಿಯೋನೂ ಆಗ್ಬೇಕು. ಇದನ್ನು ಪೂರ್ತಿ ಜಾರಿ ಮಾಡ್ಲಿಕ್ಕೆ ರಾಜ್ಯಗಳಿಗೆ 5 ವರ್ಷದ ಅವಕಾಶ ಉಂಟು. ರಾತ್ರಿ ಮನೆ ಒಡೆದು ಕಳ್ಳತನ ಅಂದ್ರೆ ಶಿಕ್ಷೆ 14 ವರ್ಷದವರೆಗೂ ಹೋಗ್ತದೆ, ಹಾಗಾಗಿ ಬಂದದ್ದು. ಅದೇ ಕಾನೂನಿನ ಸೆಕ್ಷನ್ 105ರ ಪ್ರಕಾರ ಶೋಧ, ಜಪ್ತಿ ಎಲ್ಲ ವೀಡಿಯೋ ಆಗ್ಬೇಕು, ಪೊಲೀಸರು ಮೊಬೈಲಲ್ಲಿ ಇ-ಸಾಕ್ಷ್ಯ ಆಪ್ ಹಿಡ್ಕೊಂಡು ನಿಂತಿದ್ರಲ್ಲ, ಅದೇ. ಅದರಲ್ಲಿ ನೀವೂ ಇದ್ದೀರಿ.

ಈಗ ನಿಮ್ಮ ಚೀಟಿಗಳು. ಪ್ರತಿ ಕವರಿನ ಮೇಲೆ ಕ್ರೈಂ ನಂಬ್ರ, ಠಾಣೆ, ಎಲ್ಲಿಂದ ತೆಗೆದದ್ದು, ದಿನಾಂಕ ಗಂಟೆ, ಯಾರು ತೆಗೆದದ್ದು, ಪಂಚರ ಸೈನ್, ಇಷ್ಟು ಇರ್ತದೆ. ಅದೇ ವಸ್ತು ಸ್ಥಳದಲ್ಲೇ ಬರೆಯುವ ಮಹಜರಿನಲ್ಲಿ, ಆಮೇಲೆ ಕೋರ್ಟಿಗೆ ಹಾಕುವ ಪಿ.ಎಫ್.ನಲ್ಲಿ (ಜಪ್ತಿ ವಸ್ತುಗಳ ಪಟ್ಟಿ), ಆಮೇಲೆ ಲ್ಯಾಬಿಗೆ ಬರೆಯುವ ಪತ್ರದಲ್ಲಿ, ಕೊನೆಗೆ ಲ್ಯಾಬ್ ರಿಪೋರ್ಟಿನಲ್ಲಿ ಬರ್ತದೆ. ನಾವು ಎಂತ ಮಾಡುದು ಅಂದ್ರೆ ಈ ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಓದುದು. ಒಂದರಲ್ಲಿ ಬೈರಾಸು, ಇನ್ನೊಂದರಲ್ಲಿ ಟವೆಲ್, ಮತ್ತೊಂದರಲ್ಲಿ ಬಿಳಿ ಬಟ್ಟೆಯ ತುಂಡು ಅಂತ ಇದ್ರೆ ನಮ್ಮ ಅರ್ಧ ಕೆಲಸ ಆಯ್ತು. ಒಂದರಲ್ಲಿ 9 ಲಕೋಟೆ ಮತ್ತೊಂದರಲ್ಲಿ 8 ಇದ್ರೆ ಉಳಿದರ್ಧವೂ ಆಯ್ತು. ಸೀಲೂ ಹಾಗೆ, ಮಾದರಿ ಸೀಲನ್ನು ಬೇರೆಯಾಗಿ ಲ್ಯಾಬಿಗೆ ಕಳಿಸ್ತಾರೆ, ಸೀಲು ಭದ್ರವಾಗಿತ್ತು, ಮಾದರಿಗೆ ತಾಳೆ ಆಯ್ತು ಅಂತ ಅವರು ಬರಿಬೇಕು. ಆ ಒಂದು ಸಾಲು ಇಲ್ಲದಿದ್ರೆ ಡಿಎನ್‌ಎ ರಿಪೋರ್ಟು ಎಷ್ಟು ಚಂದ ಇದ್ರೂ ನಾನು ಬಿಡುದಿಲ್ಲ.

2025ರ ಜುಲೈಯಲ್ಲಿ ತಮಿಳುನಾಡಿನ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಡಿಎನ್‌ಎ ಸ್ಯಾಂಪಲ್ ಬಗ್ಗೆ ಇಡೀ ದೇಶಕ್ಕೇ ನಿರ್ದೇಶನ ಕೊಟ್ಟಿದೆ, ತೆಗೆದ 48 ಗಂಟೆಯೊಳಗೆ ಲ್ಯಾಬಿಗೆ ಹೋಗ್ಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ರಿಜಿಸ್ಟರ್ ಇರ್ಬೇಕು, ಕೇಸು ಮುಗಿಯುವವರೆಗೆ ತೆಗೆದಿಟ್ಟಿರುವಾಗ ಕೋರ್ಟಿನ ಅನುಮತಿ ಇಲ್ಲದೆ ಪೊಟ್ಟಣ ಬಿಚ್ಚುವ ಹಾಗಿಲ್ಲ. ಈಗ ನಾವು ಮೊದ್ಲು ನೋಡುದೇ ಆ ರಿಜಿಸ್ಟರು.

ಅಮ್ಮ ನಡೆದದ್ದನ್ನು ಮುಚ್ಚಿಡ್ಬೇಡಿ. ಪೊಲೀಸರಿಗೆ ಹೇಳಿದ್ದೀರಾ? ಹೇಳದಿದ್ರೆ ಇವತ್ತೇ ಹೇಳಿ, ಅಮ್ಮನ ಬೆರಳಚ್ಚು, ಚಪ್ಪಲಿ ಅಚ್ಚು ತೆಗೆದು ಸಂಶಯದ ಪಟ್ಟಿಯಿಂದ ಬಿಡ್ತಾರೆ. ಕೋರ್ಟಲ್ಲಿ ನಾನು ಮೊದಲ ಸಲ ಕೇಳಿ ಗೊತ್ತಾಗುದಕ್ಕಿಂತ ಅದು ಒಳ್ಳೆದು. ಸಮನ್ಸ್ ಬಂದ್ರೆ ಹೋಗಿ, ಕಂಡದ್ದು ಹೇಳಿ, ಕಾಣದ್ದಕ್ಕೆ ಕಂಡಿಲ್ಲ ಅನ್ನಿ. ಅಂದ ಹಾಗೆ ಸೈನ್ ಹಾಕುವ ಮೊದ್ಲು ಮಹಜರು ಓದಿದ್ರಾ? ಹೆಚ್ಚಿನ ಪಂಚರು ಸಿಕ್ಕಿ ಬೀಳುದು ಅಲ್ಲೇ.

ಹಳೇ_ರೈಟರ್:

ವಕೀಲ್ರೇ ನಿಮ್ಮಂಥವರಿಂದಲೇ ನನ್ನ ಬಿಪಿ ಶುರುವಾದ್ದು 😀 ಆದ್ರೆ ಹೇಳಿದ್ದು ನಿಜ. ವಿಸೆರಾವನ್ನು (ಪೋಸ್ಟ್‌ಮಾರ್ಟಂನಲ್ಲಿ ತೆಗೆದ ಒಳಾಂಗ) ಉಪ್ಪು ನೀರಲ್ಲಿ ಹಾಕಿದ ಜಾರನ್ನು ಬೆಂಗಳೂರು ಬಸ್ಸಲ್ಲಿ ಕಾಲ ಬುಡದಲ್ಲಿ ಇಟ್ಟು ಹೋಗ್ತಿದ್ದೆ, ಪಕ್ಕದವರು ಉಪ್ಪಿನಕಾಯಿಯಾ ಅಂತ ಕೇಳಿದ್ದುಂಟು. ಶಿರಾಡಿ ಘಾಟಿಯಲ್ಲಿ ರಾತ್ರಿ ಪೂರ್ತಿ ಕಣ್ಣು ಮುಚ್ತಿರ್ಲಿಲ್ಲ, ಯಾಕಂದ್ರೆ ಜಾರು ನನ್ನ ಕಣ್ಣು ತಪ್ಪಿತ್ತಾ ಅಂತ ಕೇಳಿದ್ರೆ ಇಲ್ಲ ಅಂತ ಎದೆ ತಟ್ಟಿ ಹೇಳ್ಬೇಕಿತ್ತು. ಈಗ ಮಂಗಳೂರಲ್ಲೇ ಪ್ರಾದೇಶಿಕ ಲ್ಯಾಬ್ ಉಂಟು, ಹುಡುಗರಿಗೆ ಸುಖ.

ಗೋಳಿಬಜೆ_ಕಾಪು:

ವಕೀಲ್ ಸರ್, ಓದಿದ್ದೆ, ಪೂರ್ತಿ ಅಲ್ಲ, ನಾಲ್ಕು ಪುಟ ಇತ್ತು. ಒಂದು ಕಡೆ "ಬಿಳಿ ಬೈರಾಸು" ಅಂತ ಇತ್ತು, ಅದು ನೀಲಿ ಗೆರೆ ಇರುವ ಹಳದಿ ಬಣ್ಣದ್ದು, ನಮ್ಮ ಅಮ್ಮನೇ ಅವರಿಗೆ ಕಳೆದ ಚೌತಿಗೆ ಕೊಟ್ಟದ್ದು. ಹೇಳಿದೆ, ಬರಿತಾ ಇದ್ದ ಪೊಲೀಸಿನವರು ಮುಖ ಸಣ್ಣ ಮಾಡಿ ಅಡ್ಡ ಗೀಟು ಎಳೆದು ಸರಿ ಮಾಡಿ ಬದಿಗೆ ನನ್ನ ಹತ್ರ ಚಿಕ್ಕ ಸೈನ್ ಹಾಕಿಸಿದ್ರು. ಆಗ ನಂಗೆ ಇಷ್ಟು ಸಣ್ಣ ವಿಷಯಕ್ಕೆ ಅವರಿಗೆ ಕಿರಿಕಿರಿ ಮಾಡಿದೆನಾ ಅಂತ ಇತ್ತು.

ಅಮ್ಮನ ವಿಷಯ ಈಗಷ್ಟೇ ಫೋನ್ ಮಾಡಿ ಹೇಳಿದೆ. ನಾಳೆ ಚಪ್ಪಲಿ ತಗೊಂಡು ಬರ್ಲಿಕ್ಕೆ ಹೇಳಿದ್ದಾರೆ, ಅಮ್ಮ ಈಗ ಅದನ್ನು ತೊಳಿಲಿಕ್ಕೆ ಹೊರಟಿದ್ದಾರೆ, ಠಾಣೆಗೆ ಮಣ್ಣಿನ ಚಪ್ಪಲಿ ಹೇಗೆ ಕೊಡುದು ಅಂತ. ಹೋಗಿ ತಡಿಬೇಕು, ಬರ್ತೇನೆ.